‘ಬಾಕ್ಸ್’ಗೆ ಸಮಾನಪದ ಹುಡುಕಲು ವರ್ಡ್‌ನೆಟ್ ಹೇಗಿದೆ?

ಇಂಗ್ಲಿಷ್ ಪದಗಳನ್ನು ಅರ್ಥದ ನಂಟಿನ ಮೇಲೆ ಜೋಡಿಸಿಟ್ಟಿರುವ ಪದಕೋಶ, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವರ್ಡ್‌ನೆಟ್, ಉಚಿತ. ಆದರೆ ಅಲ್ಲಿ ‘ಬಾಕ್ಸ್’ ಎಂದು ಹುಡುಕಿದರೆ ಮೊದಲಿಗೆ ನಿರಾಸೆಯೇ. ಪೆಟ್ಟಿಗೆ ಎಂಬ ಮುಖ್ಯ ಅರ್ಥದ ಎದುರು ಬೇರೊಂದು ಪದವೇ ಇಲ್ಲ! ಕಾರಣವಿದೆ: ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಬಹುದಾದ ಪದಗಳನ್ನಷ್ಟೇ ಇದು ಒಟ್ಟಿಗೆ ಇಡುತ್ತದೆ. ಕಾರ್ಟನ್, ಕ್ರೇಟ್, ಚೆಸ್ಟ್ ಬೇಕಿದ್ದರೆ ಆ ಸಾಲಿನ ಶುರುವಿನಲ್ಲಿರುವ ‘ಎಸ್’ ಒತ್ತಿ, ‘ಹೈಪೊನಿಮ್’ (ಅಂದರೆ ಅದರದೇ ಬಗೆಗಳನ್ನು ಹೆಸರಿಸುವ ಪದಗಳ) ಪಟ್ಟಿ ತೆರೆಯಬೇಕು. ಅಲ್ಲಿನ ವಿವರಣೆ ಚೊಕ್ಕವಾಗಿದೆ. ಕಾರ್ಟನ್ ರಟ್ಟಿನದು, ಮೇಲಿನ ಮಡಿಕೆ ಬಿಚ್ಚಿ ತೆರೆಯುವಂಥದ್ದು. ಕ್ರೇಟ್ ಗಟ್ಟಿಮುಟ್ಟು, ಸಾಮಾನ್ಯವಾಗಿ ಮರದ್ದು, ಸರಕು ಸಾಗಿಸಲು. ಚೆಸ್ಟ್ ದೊಡ್ಡದು, ಮುಚ್ಚಳವಿರುವುದು.

ಅರ್ಥಗಳ ವಿಂಗಡಣೆಗಂತೂ ಪೂರ್ಣ ಅಂಕ. ರಂಗಮಂದಿರದ ಖಾಸಗಿ ಆಸನದ ಜಾಗಕ್ಕೆ ‘ಲೋಜ್’, ಪೇಚಿನ ಪರಿಸ್ಥಿತಿಗೆ ‘ಕಾರ್ನರ್’, ನಿತ್ಯಹಸಿರು ಪೊದೆಗೆ ‘ಬಾಕ್ಸ್‌ವುಡ್’. ಕಿವಿಯ ಮೇಲೆ ಬಾರಿಸುವ ಏಟಿಗೂ ಪ್ರತ್ಯೇಕ ಸಾಲುಂಟು.

ಕೊರತೆ ಇರುವುದು ಬಳಕೆಯ ಧಾಟಿಯಲ್ಲಿ. ‘ಕ್ಯಾಸ್ಕೆಟ್’ಗೆ ಒಡವೆ ಪೆಟ್ಟಿಗೆ, ಶವಪೆಟ್ಟಿಗೆ ಎರಡೂ ಅರ್ಥ ಕೊಟ್ಟಿದೆ ನಿಜ, ಅಮೆರಿಕನ್ನರಿಗೆ ಮೊದಲು ನೆನಪಾಗುವುದು ಶವಪೆಟ್ಟಿಗೆ ಎಂದು ಮಾತ್ರ ಎಚ್ಚರಿಸುವುದಿಲ್ಲ. ಉಡುಗೊರೆಯ ಬಗ್ಗೆ ಬರೆಯುವವರು ಇನ್ನೊಂದು ನಿಘಂಟನ್ನೂ ನೋಡುವುದು ಒಳ್ಳೆಯದು. ಉಚ್ಚಾರಣೆಗೂ ಬೇರೆ ಕಡೆಯೇ ಹೋಗಬೇಕು.