ಹೂ ಒತ್ತುವ ಮರದ ಪ್ರೆಸ್: ಹಲಗೆ ಇರಲಿ, ಕಾಗದ ಬದಲಿಸಿ

ಆನ್‌ಲೈನಿನಲ್ಲಿ ಸಾವಿರ ರೂಪಾಯಿಯೊಳಗೆ ಸಿಗುವ, ಹೂವನ್ನು ಚಪ್ಪಟೆಯಾಗಿ ಒಣಗಿಸುವ ಈ ಕಿಟ್ಟಿನಲ್ಲಿ ಎ5 ಅಳತೆಯ (ಎ4 ಹಾಳೆಯ ಅರ್ಧ) ಎರಡು ಪ್ಲೈವುಡ್ ಹಲಗೆ, ನಾಲ್ಕು ಬೋಲ್ಟು, ಕೈಯಲ್ಲೇ ತಿರುಗಿಸುವ ವಿಂಗ್ ನಟ್ಟು, ಆರು ಪ್ಯಾಕಿಂಗ್ ರಟ್ಟು, 12 ಹಾಳೆ ಕಾಗದ ಮತ್ತು ಒಂದು ಚಿಮಟ ಇರುತ್ತವೆ. ಹಲಗೆ ಗಟ್ಟಿ. ಕಾಗದ ದಂಡ. ಜೊತೆಗೆ ಬರುವ ಸೂಚನೆಯ ಚೀಟಿಯಂತೂ ರಾಯಚೂರಿನ ಬಿಸಿಲು ಕಂಡವರು ಬರೆದದ್ದಲ್ಲ.

ಹಲಗೆ 9 ಮಿ.ಮೀ. ದಪ್ಪವಿದೆ. ಇದು ಮುಖ್ಯ. 4–5 ಮಿ.ಮೀ. ಹಲಗೆಯ ಅಗ್ಗದ ಪ್ರೆಸ್‌ಗಳಲ್ಲಿ ಮೂಲೆ ಬಿಗಿಸಿದಷ್ಟೂ ನಡು ಉಬ್ಬುತ್ತದೆ. ಅಂಚಿನ ಹೂ ಚಪ್ಪಟೆ, ನಡುವಿನದು ಸುಕ್ಕು. ಇದರಲ್ಲಿ ಆ ತಾಪತ್ರಯವಿಲ್ಲ, ಆದರೆ ನಟ್ಟುಗಳನ್ನು ಕಾರಿನ ಚಕ್ರಕ್ಕೆ ಬಿಗಿಸುವಂತೆ ಎದುರುಬದುರು ಮೂಲೆಯಲ್ಲಿ ಸ್ವಲ್ಪಸ್ವಲ್ಪವೇ ತಿರುಗಿಸಬೇಕು. ನೀರು ಹೋದಂತೆ ಹೂ ಕುಗ್ಗಿ ಹಿಡಿತ ಸಡಿಲವಾಗುತ್ತದೆ. ಹಾಗಾಗಿ ಮೊದಲ ಮೂರು ದಿನ ದಿನಕ್ಕೆ ಅರ್ಧ ಸುತ್ತು ಬಿಗಿಸಿ.

ಕಾಗದಕ್ಕೆ ಬರೋಣ. ಕೊಟ್ಟಿರುವುದು ನುಣುಪು ಹಾಳೆ, ನೀರು ಕುಡಿಯುವುದಿಲ್ಲ. ತೇವ ಎಸಳಿನಲ್ಲೇ ಉಳಿದರೆ ಮೊದಲು ಕಂದು, ಆಮೇಲೆ ಬೂಷ್ಟು. ತೇವ ಹೀರುವ ಬ್ಲಾಟಿಂಗ್ ಪೇಪರ್ ಮತ್ತು ಅಚ್ಚಾಗದ ನ್ಯೂಸ್‌ಪ್ರಿಂಟ್ ತಂದುಕೊಳ್ಳಿ. ಓದಿದ ಪತ್ರಿಕೆ ಬೇಡ, ಶಾಯಿ ಎಸಳಿಗೆ ಹತ್ತುತ್ತದೆ. ಉಬ್ಬುಚುಕ್ಕಿಯ ಟಿಶ್ಯೂ ಕೂಡ ಬೇಡ, ಚುಕ್ಕಿಯೆಲ್ಲ ಹೂವಿನ ಮೇಲೆ ಮೂಡುತ್ತದೆ. ರಟ್ಟಿನ ಏಣುಗಳೂ ಹಾಗೆಯೇ ಗೆರೆ ಬೀಳಿಸುತ್ತವೆ. ಆದ್ದರಿಂದ ರಟ್ಟು, ಎರಡು ನ್ಯೂಸ್‌ಪ್ರಿಂಟ್, ಒಂದು ಬ್ಲಾಟಿಂಗ್, ಹೂ, ಮತ್ತೆ ಬ್ಲಾಟಿಂಗ್, ಎರಡು ನ್ಯೂಸ್‌ಪ್ರಿಂಟ್, ರಟ್ಟು, ಈ ಕ್ರಮದಲ್ಲಿ ಜೋಡಿಸಿ. ಒಂದು ಪದರದಲ್ಲಿ ಒಂದೇ ದಪ್ಪದ ಹೂ ಇರಲಿ.

ಚೀಟಿಯಲ್ಲಿ "ನಾಲ್ಕು ವಾರ ಮುಟ್ಟಬೇಡಿ" ಎಂದಿದೆ. ಏಪ್ರಿಲ್–ಮೇ ತಿಂಗಳಲ್ಲಿ, ಪಾದರಸ 40 ಡಿಗ್ರಿ ದಾಟಿ ಗಾಳಿಯೇ ಒಣಗಿರುವಾಗ, ಕಾಗದದ ಹೂವಿಗೆ ನಾಲ್ಕೈದು ದಿನ, ಸೇವಂತಿಗೆ ಎಸಳಿಗೆ ವಾರ ಸಾಕು. ಇನ್ನೂ ಬಿಟ್ಟರೆ ಚಿಮಟ ತಾಗಿದರೂ ಹಪ್ಪಳದಂತೆ ಮುರಿಯುತ್ತದೆ. ಆಗಸ್ಟ್–ಸೆಪ್ಟೆಂಬರಿನ ಮಳೆಗೆ ಎರಡು ಮೂರು ವಾರ ಬೇಕು, ಮೊದಲ ದಿನ ಮತ್ತು ಮೂರನೇ ದಿನ ಕಾಗದ ಬದಲಿಸಲೇಬೇಕು. ಬೇಗ ಒಣಗಲಿ ಎಂದು ಪ್ರೆಸ್ಸನ್ನು ಮಾಳಿಗೆಯ ಬಿಸಿಲಿಗೆ ಒಯ್ಯುವವರಿದ್ದಾರೆ. ನೀರಿರುವ ಹೂ ಅಲ್ಲಿ ಬೇಯುತ್ತದೆ, ಒಣಗುವುದಿಲ್ಲ. ನೆರಳಲ್ಲಿ, ರಟ್ಟಿನ ಅಂಚಿನಲ್ಲಿ ಕಾಣುವ ತೂತುಗಳು ಫ್ಯಾನಿನತ್ತ ಮುಖ ಮಾಡಿರುವಂತೆ ಇಡಿ. ಆ ತೂತುಗಳಿರುವುದೇ ಗಾಳಿಯಾಡಲಿಕ್ಕೆ. ಒಣಗಿದೆಯೇ ನೋಡಲು ಎಸಳನ್ನು ತುಟಿಗೆ ತಾಗಿಸಿ. ತಂಪೆನಿಸಿದರೆ ಇನ್ನೂ ತೇವವಿದೆ.

ಬಣ್ಣದ ವಿಷಯದಲ್ಲಿ ಪ್ರೆಸ್ಸನ್ನು ಬೈದು ಪ್ರಯೋಜನವಿಲ್ಲ, ಅದು ಹೂವಿನ ಗುಣ. ಆವರಿಕೆ, ಚೆಂಡುಹೂವಿನಂಥ ಹಳದಿ–ಕೇಸರಿ ಚೆನ್ನಾಗಿ ನಿಲ್ಲುತ್ತದೆ. ಚೆಂಡುಹೂವನ್ನು ಇಡಿಯಾಗಿ ಒತ್ತಬೇಡಿ, ಎಸಳು ಬಿಡಿಸಿ ಒತ್ತಿ ಆಮೇಲೆ ಜೋಡಿಸಿ. ಕೆಂಪು ದಾಸವಾಳ ಕಪ್ಪು ನೇರಳೆಗೆ ತಿರುಗುತ್ತದೆ. ಮಲ್ಲಿಗೆ ಹಡಗಲಿಯದ್ದೇ ಆಗಲಿ, ಒತ್ತಿದರೆ ಕಂದೇ. ಎರೆ ಹೊಲದ ಕುಸುಬೆಯ ಎಸಳು ಒಣಗುತ್ತ ಹಳದಿಯಿಂದ ಕೆಂಗೇಸರಿಗೆ ಹೋಗುವುದು ನೋಡಲು ಚಂದ, ಮುಳ್ಳು ಮಾತ್ರ ಜೋಪಾನ. ಸಂಡೂರು ಕಡೆಯ ರಸ್ತೆಬದಿಯ ಹೂವಾದರೆ ಕೆಂಪು ದೂಳನ್ನು ಮೆತ್ತನೆ ಬ್ರಷ್ಷಿನಿಂದ ತೆಗೆಯಿರಿ. ತೊಳೆದರೆ ಎರಡು ದಿನ ಹೆಚ್ಚು ಕಾಯಬೇಕಾದೀತು.

ಚೀಟಿ ಇಲ್ಲಿಗೇ ನಿಲ್ಲುತ್ತದೆ, ಕೆಲಸ ಕೆಡುವುದು ಇಲ್ಲಿಂದ ಮುಂದೆ. ಬುಕ್‌ಮಾರ್ಕಿಗೆ ಬಿಳಿ ಅಂಟನ್ನು ಟೂತ್‌ಪಿಕ್ಕಿನ ತುದಿಯಲ್ಲಿ ಎರಡು ಮೂರು ಚುಕ್ಕಿ ಇಟ್ಟರೆ ಸಾಕು. ಪೂರ್ತಿ ಸವರಿದರೆ ಅಂಟಿನ ನೀರಿಗೆ ಎಸಳು ಮತ್ತೆ ಸುಕ್ಕಾಗುತ್ತದೆ. ಅರೆ ಒಣಗಿದ ಹೂವನ್ನು ಬಿಸಿ ಲ್ಯಾಮಿನೇಷನ್ನಿಗೆ ಹಾಕಿದರೆ ತೇವ ಆವಿಯಾಗಿ ಗುಳ್ಳೆ ಏಳುತ್ತದೆ. ರೆಸಿನ್ ಪೆಂಡೆಂಟ್ ಮಾಡುವವರಿಗೆ ಬೇಸಿಗೆಯೇ ಶತ್ರು: ಬಿಸಿಗೆ ಎಪಾಕ್ಸಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ರೆಸಿನ್) ಬೇಗ ಗಟ್ಟಿಯಾಗುತ್ತದೆ, ಹೆಚ್ಚು ಕಲಸಿಟ್ಟರೆ ಲೋಟದಲ್ಲೇ ಕಾದು ಹೊಗೆಯಾಡುತ್ತದೆ. ಬೆಳಗಿನ ತಂಪಿನಲ್ಲಿ, ಒಮ್ಮೆಗೆ 30 ಗ್ರಾಂ ಮೀರದಂತೆ, ಕಿಟಕಿ ತೆರೆದು, ಗ್ಲೌಸ್ ಹಾಕಿ ಕಲಸಿ. ಅನುಪಾತ ತೂಕದ್ದೋ ಅಳತೆಯದ್ದೋ ಎಂದು ಬಾಟಲಿಯ ಮೇಲೆ ಓದಿ. ಅಲ್ಲಿ ತಪ್ಪಿದರೆ ವಾರವಾದರೂ ಅಂಟಂಟು ಹೋಗುವುದಿಲ್ಲ.

ಇನ್ನು ಆ ಚಿಮಟ: ತುದಿ ಚೂಪು, ಎಸಳು ಹರಿಯುತ್ತದೆ. ಅಂಚೆಚೀಟಿ ಸಂಗ್ರಹಿಸುವವರು ಬಳಸುವ ಚಪ್ಪಟೆ ತುದಿಯದ್ದು ಕೊಳ್ಳಿ. ಬುಕ್‌ಮಾರ್ಕ್, ಕಾರ್ಡು, ಪೆಂಡೆಂಟಿಗೆ ಎ5 ಪ್ರೆಸ್ ಧಾರಾಳ. ಗೋಡೆಗೆ ತೂಗುಹಾಕುವ ಫ್ರೇಮಿಗೆಂದು ಉದ್ದ ದಂಟಿನ ಗಿಡ ಒತ್ತುವ ಆಸೆಯಿದ್ದರೆ ಇದನ್ನು ಬಿಟ್ಟು ಎ4 ಅಳತೆಯದ್ದನ್ನೇ ನೋಡಿ, ಆದರೆ ಅದಕ್ಕೆ ಹಲಗೆ 12 ಮಿ.ಮೀ.ಗಿಂತ ತೆಳುವಾಗಿರಬಾರದು.