ಇನ್‌ಬಾಕ್ಸ್ ಕೆಟ್ಟಾಗ: ರಿಪೇರಿಯೋ, ಹೊಸ ಖಾತೆಯೋ?

ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಕರೆಂಟು ಹೇಳಿ ಕೇಳಿ ಹೋಗುವುದಿಲ್ಲ. ಮೊನ್ನೆ ಹಾಗೇ ಆಯ್ತು. ಕಂಪ್ಯೂಟರಿನಲ್ಲಿ ಮೇಲ್ ಓದುವ ತಂತ್ರಾಂಶ ಥಂಡರ್‌ಬರ್ಡ್ ಮತ್ತೆ ತೆರೆದು ಅಡಿಕೆ ಮಂಡಿಯ ಮೇಲ್ ಒತ್ತಿದರೆ ಬ್ಯಾಂಕಿನ ಪತ್ರ ಬಂತು!

ಪಾಪ್ ಖಾತೆಯಾದರೆ, ಅಂದರೆ ಮೇಲ್‌ಗಳನ್ನು ನಮ್ಮ ಕಂಪ್ಯೂಟರಿಗೇ ಇಳಿಸಿಕೊಳ್ಳುವ ಬಗೆಯದಾದರೆ, ರಿಪೇರಿಯೇ ಸೈ. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ರಿಪೇರ್ ಫೋಲ್ಡರ್. ಮೇಲ್‌ಗಳು ಒಂದು ಫೈಲಿನಲ್ಲಿ, ಅವುಗಳ ಪಟ್ಟಿ ಪಕ್ಕದ ಎಂಎಸ್‌ಎಫ್ ಫೈಲಿನಲ್ಲಿ ಇರುತ್ತವೆ. ಜಾಸ್ತಿ ಸಲ ಕೆಡುವುದು ಈ ಪಟ್ಟಿ. ರಿಪೇರಿ ಅದನ್ನೇ ಹೊಸದಾಗಿ ಕಟ್ಟುತ್ತದೆ. ನನಗೆ ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಸರಿಹೋಯ್ತು.

ಖಾತೆ ತೆಗೆದು ಮತ್ತೆ ಸೇರಿಸುವುದು ಐಮ್ಯಾಪ್‌ನವರಿಗೆ ಮಾತ್ರ. ಆ ಬಗೆಯ ಖಾತೆಯಲ್ಲಿ ಮೇಲ್ ಸರ್ವರ್‌ನಲ್ಲೇ, ಅಂದರೆ ಮೇಲ್ ಸೇವೆ ಕೊಡುವವರ ಕಂಪ್ಯೂಟರಿನಲ್ಲೇ ಇರುತ್ತದಲ್ವಾ. ಆದರೆ ಎಲ್ಲವೂ ಮತ್ತೆ ಇಳಿಯಬೇಕು, ನಮ್ಮ ನೆಟ್‌ವರ್ಕಿನಲ್ಲಿ ಅದೊಂದು ತಪಸ್ಸು.

ಯಾವುದೇ ಆಗಲಿ, ಮೊದಲು ಥಂಡರ್‌ಬರ್ಡ್ ಮುಚ್ಚಿ ಮೇಲ್, ಸೆಟ್ಟಿಂಗ್ ಎಲ್ಲ ಇರುವ ಅದರ ಪ್ರೊಫೈಲ್ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿಕೊಳ್ಳಿ.