ಉಣ್ಣೆ, ಅಕ್ರಿಲಿಕ್, ಹತ್ತಿ: ಘಟ್ಟದ ಮೇಲೂ ಕೆಳಗೂ ಹೆಣೆದು ನೋಡಿದ ಮೂರು ದಾರಗಳು

ಉತ್ತರ ಕನ್ನಡದಲ್ಲಿ ಸ್ವೆಟರ್ ಹೆಣೆಯುವವರು ಎರಡು ಚಳಿಗಾಲಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಡಿಸೆಂಬರ್ ಕೊನೆಯ ವಾರದಲ್ಲಿಯೂ ಕಾರವಾರದ ಮಧ್ಯಾಹ್ನಕ್ಕೆ ಫ್ಯಾನು ಬೇಕೇ ಬೇಕು. ಅದೇ ದಿನ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ಶಿರಸಿಯ ಕಡೆಗೆ ಹೋದರೆ, ತೋಟದ ಮನೆಗಳ ಅಂಗಳದಲ್ಲಿ ಬಿಸಿಲು ಬಿದ್ದ ಮೇಲೂ ಮಾಡಿನಿಂದ ಇಬ್ಬನಿ ತೊಟ್ಟಿಕ್ಕುತ್ತಿರುತ್ತದೆ. ನಾನಿರುವುದು ಕಾರವಾರದಲ್ಲಿ, ತವರುಮನೆ ಇರುವುದು ಶಿರಸಿಯ ಹತ್ತಿರದ ಹಳ್ಳಿಯಲ್ಲಿ. ಕ್ರಿಸ್‌ಮಸ್ ರಜೆಗೆ ಎರಡೂ ಕಡೆ ಮಕ್ಕಳು, ಮರಿಗಳು, ನೆಂಟರಿಷ್ಟರು ಬಂದು ಸೇರುವುದರಿಂದ, ದಸರೆ ಮುಗಿಯುತ್ತಿದ್ದಂತೆ ನಾನು ಕಡ್ಡಿ ಹಿಡಿದು ಕೂರುತ್ತೇನೆ. ಯಾರಿಗೆ ಏನು ಹೆಣೆಯಬೇಕೆಂಬುದು ಸುಲಭವಾಗಿ ತೀರ್ಮಾನವಾಗುತ್ತದೆ. ಯಾವ ದಾರದಲ್ಲಿ ಹೆಣೆಯಬೇಕೆಂಬುದನ್ನು ಮಾತ್ರ ಅಂಗಡಿಯವರ ಮಾತಿನ ಮೇಲೆ ಬಿಡಲು ನನಗೆ ಮನಸ್ಸಾಗಲಿಲ್ಲ. ಆದ್ದರಿಂದ ಒಂದೇ ಟೋಪಿಯನ್ನೂ ಒಂದೇ ಮಫ್ಲರನ್ನೂ ಮೂರು ದಾರಗಳಲ್ಲಿ ಹೆಣೆದು, ಘಟ್ಟದ ಮೇಲೂ ಕೆಳಗೂ ಮನೆಯವರಿಂದ ಬಳಸಿಸಿ ನೋಡಿದೆ.

ಹೋಲಿಕೆ ನ್ಯಾಯವಾಗಿರಲೆಂದು ಮೆರಿನೊ ತಳಿಯ ಕುರಿಯ ನವಿರಾದ ಉಣ್ಣೆ, ಲುಧಿಯಾನದಿಂದ ಬರುವ ಸಾಮಾನ್ಯ ಅಕ್ರಿಲಿಕ್ ಮತ್ತು ಹೊಳಪಿಲ್ಲದ ಹತ್ತಿ, ಈ ಮೂರನ್ನೂ ಎಂಟು ಎಳೆಯ ದಪ್ಪದಲ್ಲಿಯೇ ತರಿಸಿಕೊಂಡೆ. ಕಡ್ಡಿಯೂ ಒಂದೇ, 4 ಮಿಲಿಮೀಟರಿನದು. ನಮ್ಮ ಅಂಗಡಿಗಳಲ್ಲಿ ಎಂಟನೇ ನಂಬರಿನ ಕಡ್ಡಿ ಎಂದು ಕೇಳಿದರೆ ಇದನ್ನೇ ಕೊಡುತ್ತಾರೆ. 10 ಸೆಂಟಿಮೀಟರಿಗೆ 22 ಕುಣಿಕೆ ಬರುವಂತೆ ಮೂರನ್ನೂ ಹೆಣೆದೆ. ಟೋಪಿ, ಮಫ್ಲರುಗಳಲ್ಲದೆ ಅಂಗೈಯಗಲದ ಕೆಲವು ತುಂಡುಗಳನ್ನೂ ಹೆಣೆದಿಟ್ಟುಕೊಂಡೆ. ತೊಳೆದು, ಸುಟ್ಟು, ಕಲೆ ಹಚ್ಚಿ ನೋಡುವುದಕ್ಕೆ ಹೆಣೆದ ಬಟ್ಟೆಯೇ ಬೇಕು. ಉಂಡೆಯಲ್ಲಿರುವ ದಾರವನ್ನು ಮುಟ್ಟಿ ನೋಡಿದರೆ ಏನೂ ತಿಳಿಯುವುದಿಲ್ಲ.

ಹೆಣೆಯುವಾಗಲೇ ಮೊದಲ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ಉಣ್ಣೆಯ ದಾರ ಎಳೆದಾಗ ಹಿಗ್ಗಿ, ಬಿಟ್ಟಾಗ ಮರಳಿ ಕುಗ್ಗುವುದರಿಂದ ಕೈ ಒಂದಿಷ್ಟು ಬಿಗಿಯಾದರೂ ಸಡಿಲವಾದರೂ ತೊಳೆದು ಒಣಗಿಸಿದ ಮೇಲೆ ಸಾಲುಗಳು ಒಂದೇ ಸಮನಾಗುತ್ತವೆ. ಹತ್ತಿಗೆ ಈ ಗುಣವಿಲ್ಲ. ಅದು ಹಿಗ್ಗುವುದೇ ಇಲ್ಲವಾದ್ದರಿಂದ ಪ್ರತಿಯೊಂದು ಕುಣಿಕೆಯನ್ನೂ ಬೆರಳಿನ ಬಲದಿಂದಲೇ ಎಳೆಯಬೇಕಾಗುತ್ತದೆ, ಒಂದು ಸಂಜೆ ಕೂತು ಹೆಣೆದರೆ ಮಣಿಕಟ್ಟು ನೋಯುತ್ತದೆ, ಬಿಗಿತಪ್ಪಿದ ಒಂದು ಕುಣಿಕೆ ಎಷ್ಟು ತೊಳೆದರೂ ಹಾಗೆಯೇ ಉಳಿದು ಕಣ್ಣಿಗೆ ಕಾಣುತ್ತಿರುತ್ತದೆ. ಅಕ್ರಿಲಿಕ್ ಇವೆರಡರ ನಡುವೆ ನಿಲ್ಲುತ್ತದೆ. ಹೆಣೆಯಲು ಹಗುರ, ಆದರೆ ಕಾರವಾರದ ಸೆಕೆಯಲ್ಲಿ ಬೆವರಿದ ಬೆರಳಿಗೆ ಕೀರಲು ಶಬ್ದ ಮಾಡುತ್ತ ಅಂಟಿಕೊಳ್ಳುತ್ತದೆ. ತೂಕದಲ್ಲಂತೂ ಅಕ್ರಿಲಿಕ್ ಎಲ್ಲಕ್ಕಿಂತ ಹಗುರ. ಹತ್ತಿಯ ನಾರಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.5 ಗ್ರಾಂ, ಉಣ್ಣೆಯದು 1.3, ಅಕ್ರಿಲಿಕ್‌ನದು 1.2ಕ್ಕೂ ಸ್ವಲ್ಪ ಕಡಿಮೆ. ಮಫ್ಲರಿನಲ್ಲಿ ಇದು ದೊಡ್ಡ ವಿಷಯವೆನಿಸದು, ಆದರೆ ತುಂಬುತೋಳಿನ ಸ್ವೆಟರಿನಲ್ಲಿ ಹತ್ತಿಯ ಈ ಭಾರ ಹೆಗಲಿನಿಂದ ಜಗ್ಗಿ ಅಂಚನ್ನು ಕೆಳಕ್ಕೆ ಇಳಿಸಿಬಿಡುತ್ತದೆ.

ಬೆಚ್ಚಗಿನ ಮಾತಿಗೆ ಬಂದರೆ, ಒಣ ಚಳಿಗೆ ಉಣ್ಣೆಗೂ ಅಕ್ರಿಲಿಕ್‌ಗೂ ಹೇಳಿಕೊಳ್ಳುವಂಥ ಅಂತರ ಕಾಣಿಸಲಿಲ್ಲ. ನಮ್ಮ ಘಟ್ಟದ ಚಳಿ ಒಣ ಚಳಿಯಲ್ಲ. ಡಿಸೆಂಬರಿನಲ್ಲಿ ಬಯಲಾಟಗಳು ಶುರುವಾಗಿರುತ್ತವೆ. ಗದ್ದೆಯ ಬಯಲಿನಲ್ಲಿ ರಾತ್ರಿಯಿಡೀ ಯಕ್ಷಗಾನ ನೋಡುತ್ತ ಕೂತವರ ತಲೆಯ ಮೇಲೆ, ಹೆಗಲ ಮೇಲೆ ನಡುರಾತ್ರಿಯ ನಂತರ ಇಬ್ಬನಿ ಇಳಿಯತೊಡಗುತ್ತದೆ. ನಿಜವಾದ ಪರೀಕ್ಷೆ ನಡೆದದ್ದು ಅಲ್ಲಿ. ಗಾಳಿಯ ತೇವ 65 ಶೇಕಡಾ ಇರುವಾಗ ಉಣ್ಣೆ ತನ್ನ ಒಣ ತೂಕದ ಸುಮಾರು 16 ಶೇಕಡಾದಷ್ಟು ತೇವವನ್ನು ನಾರಿನೊಳಗೇ ಹಿಡಿದುಕೊಳ್ಳುತ್ತದೆ, ಹತ್ತಿ ಸುಮಾರು 8 ಶೇಕಡಾ, ಅಕ್ರಿಲಿಕ್ 2 ಶೇಕಡಾದಷ್ಟೂ ಇಲ್ಲ. ಅಷ್ಟೇ ಅಲ್ಲ, ತೇವವನ್ನು ಹೀರುವಾಗ ಉಣ್ಣೆಯ ನಾರು ಸ್ವಲ್ಪ ಶಾಖವನ್ನು ಹೊರಬಿಡುತ್ತದೆ. ಉಣ್ಣೆಯ ಟೋಪಿ ಹಾಕಿಕೊಂಡಿದ್ದ ನನ್ನ ತಂದೆಯವರು ಬೆಳಗಿನ ಮಂಗಳದವರೆಗೂ ಕೂತೆದ್ದು ಬಂದಾಗ ಟೋಪಿಯ ಹೊರಮೈ ಕೈಗೆ ತಣ್ಣಗೆ ಹತ್ತಿದರೂ ಒಳಮೈ ಒಣಗಿಯೇ ಇತ್ತು. ಅದೇ ರಾತ್ರಿ ಅಕ್ರಿಲಿಕ್ ಟೋಪಿ ಹಾಕಿಕೊಂಡಿದ್ದ ತಮ್ಮನ ತಲೆಗೂದಲು ಒದ್ದೆಯಾಗಿತ್ತು. ದಾರ ಹೀರದ ನೀರು ಕುಣಿಕೆಗಳ ಸಂದಿಯಲ್ಲಿ ಹನಿಯಾಗಿ ನಿಂತು ಒಳಗಿಳಿದಿತ್ತು. ಹತ್ತಿಯ ಮಫ್ಲರು ಇಬ್ಬನಿಯನ್ನೆಲ್ಲ ಕುಡಿದು ಭಾರವಾಗಿ, ಮರುದಿನ ಮಧ್ಯಾಹ್ನದವರೆಗೂ ಒಣಗಲಿಲ್ಲ. ಇಬ್ಬನಿಯಲ್ಲಿ ಕೂರುವವರಿಗೆ ಉಣ್ಣೆಯ ಬದಲಿಗೆ ಬೇರೆ ಯಾವುದನ್ನೂ ಕೊಡಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹೊದ್ದು ಗದ್ದೆಗೆ ಇಳಿಯುತ್ತಿದ್ದ ಹಿರಿಯರು ಈ ಗುಣವನ್ನು ಚೆನ್ನಾಗಿಯೇ ಬಲ್ಲವರಾಗಿದ್ದರು.

ಕಂಬಳಿ ಎಂದಾಕ್ಷಣ ಚುಚ್ಚುವ ನೆನಪೂ ಬರುತ್ತದೆ, ಮತ್ತು ಅನೇಕರು ಉಣ್ಣೆಯನ್ನು ದೂರವಿಡುವುದು ಇದೇ ಕಾರಣಕ್ಕೆ. ಚುಚ್ಚುವುದು ನಾರಿನ ದಪ್ಪದಿಂದ. ಸುಮಾರು 30 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದ ನಾರಿನ ತುದಿಗಳು ಚರ್ಮಕ್ಕೆ ಒತ್ತಿದಾಗ ಬಾಗದೆ ನೆಟ್ಟಗೆ ನಿಲ್ಲುತ್ತವೆ. ಕಂಬಳಿಯ ಉಣ್ಣೆಯಲ್ಲಿ ಅಂಥ ನಾರುಗಳು ಬಹಳ. ಮೆರಿನೊ ನಾರು 24 ಮೈಕ್ರಾನ್‌ಗಿಂತ ತೆಳುವಾದದ್ದು, ಬಾಗಿಬಿಡುತ್ತದೆ. ನನ್ನ ಮೆರಿನೊ ಮಫ್ಲರನ್ನು ಬರಿಗುತ್ತಿಗೆಗೆ ಸುತ್ತಿಕೊಂಡ ದೊಡ್ಡವರು ಯಾರೂ ದೂರಲಿಲ್ಲ. ಎಳೆಯ ಮಗು ಮಾತ್ರ ಕಾರವಾರದ ಹವೆಯಲ್ಲಿ ಅದನ್ನು ಸಹಿಸಲಿಲ್ಲ. ಚುಚ್ಚಿದ್ದಕ್ಕಿಂತ ಸೆಕೆಗೇ ಅತ್ತಿತೆಂದು ನನಗನ್ನಿಸಿತು.

ಬೆಂಕಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಉಡುಗೊರೆ ಕೊಡುವವರು ಇದನ್ನು ಯೋಚಿಸುವುದೇ ಅಪರೂಪ. ರಜೆಯ ಈ ದಿನಗಳೇ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕೊನೆ ಕೊಯ್ಲಿನ, ಅಂದರೆ ಅಡಿಕೆ ಗೊನೆ ಇಳಿಸುವ ದಿನಗಳು. ರಾತ್ರಿ ಊಟವಾದ ಮೇಲೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರು ಒಂದು ಕಡೆ, ಅಡಿಕೆ ಬೇಯಿಸುವ ಹಂಡೆಯ ಒಲೆಗೆ ಕಟ್ಟಿಗೆ ಒಟ್ಟುವವರು ಇನ್ನೊಂದು ಕಡೆ. ಮಕ್ಕಳೆಲ್ಲ ಆ ಒಲೆಯ ಸುತ್ತಲೇ. ಬೆಳಿಗ್ಗೆ ಎದ್ದರೆ ಬಚ್ಚಲ ಒಲೆಯ ಮುಂದೆ ಮೈ ಕಾಯಿಸುವ ಸಾಲು. ಅಂದರೆ, ಸ್ವೆಟರ್ ಹಾಕಿಕೊಂಡ ಹೊತ್ತೆಲ್ಲ ಕಿಡಿ ಹಾರುವ ಜಾಗದಲ್ಲಿಯೇ ಕಳೆಯುತ್ತದೆ. ನಾನು ಹೆಣೆದ ತುಂಡುಗಳನ್ನು ಇಕ್ಕಳದಲ್ಲಿ ಹಿಡಿದು ಅಂಗಳದಲ್ಲಿ ಒಂದೊಂದಾಗಿ ಉರಿಗೆ ತಾಗಿಸಿ ನೋಡಿದೆ. ಉಣ್ಣೆಯ ತುಂಡು ಕೂದಲು ಸುಟ್ಟ ವಾಸನೆ ಬೀರುತ್ತ ಮೆಲ್ಲಗೆ ಕರಕಲಾಯಿತು. ಉರಿಯಿಂದ ಹಿಂದೆಗೆದ ಕೂಡಲೇ ಆರಿತು, ಕರಿಯ ಅಂಚನ್ನು ಬೆರಳಿನಲ್ಲಿ ಒತ್ತಿದರೆ ಪುಡಿಯಾಯಿತು. ಹತ್ತಿಯ ತುಂಡು ಕಾಗದದಂತೆ ಭಗ್ಗನೆ ಹತ್ತಿಕೊಂಡು, ಉರಿ ನಿಂತ ಮೇಲೂ ಒಳಗೊಳಗೇ ಕೆಂಪಗೆ ಹರಿಯುತ್ತಿತ್ತು. ಅಕ್ರಿಲಿಕ್ ಮೊದಲು ಸುರುಟಿಕೊಂಡು ಕರಗಿತು, ಆಮೇಲೆ ಹೊಗೆಯುಗುಳುತ್ತ ಉರಿಯಿತು, ಉರಿಯುತ್ತಲೇ ಕಪ್ಪು ಹನಿಗಳು ನೆಲಕ್ಕೆ ಬಿದ್ದು ಗಟ್ಟಿಯಾದವು. ಆ ಹನಿ ಚರ್ಮದ ಮೇಲೆ ಬಿದ್ದರೆ ಅಂಟಿಕೊಂಡೇ ಸುಡುತ್ತದೆ. ಇದನ್ನು ಕಣ್ಣಾರೆ ನೋಡಿದ ಮೇಲೆ ಒಲೆಯ ಹತ್ತಿರ ಓಡಾಡುವ ಯಾರಿಗೂ, ಮಕ್ಕಳಿಗಂತೂ, ಅಕ್ರಿಲಿಕ್ ಹೆಣೆದುಕೊಡುವುದನ್ನು ನಾನು ಬಿಟ್ಟಿದ್ದೇನೆ.

ಹಾಗೆಂದು ಅಕ್ರಿಲಿಕ್‌ಗೆ ಸಲ್ಲಬೇಕಾದದ್ದನ್ನು ಸಲ್ಲಿಸಲೇಬೇಕು. ಅಡಿಕೆಯ ಚೊಗರನ್ನು, ಅಂದರೆ ಅಡಿಕೆ ಬೇಯಿಸಿದ ಕಂದು ನೀರನ್ನು, ಮೂರು ತುಂಡುಗಳಿಗೂ ಹಚ್ಚಿ ಒಂದು ರಾತ್ರಿ ಬಿಟ್ಟು ತೊಳೆದೆ. ಉಣ್ಣೆಯಲ್ಲಿಯೂ ಹತ್ತಿಯಲ್ಲಿಯೂ ಕಂದುಬಣ್ಣ ಕಾಯಮ್ಮಾಗಿ ಉಳಿಯಿತು, ಅಕ್ರಿಲಿಕ್‌ನಲ್ಲಿ ಹುಡುಕಿದರೆ ಮಾತ್ರ ಕಾಣುವಷ್ಟು ಮಸುಕಾಯಿತು. ವಾಷಿಂಗ್ ಮಷೀನಿಗೆ ಹಾಕಿದರೂ ಅದರ ಆಕಾರ ಕೆಡುವುದಿಲ್ಲ, ಬೇಗ ಒಣಗುತ್ತದೆ, ಬೆಲೆಯಂತೂ ಮೆರಿನೊದ ಹತ್ತಿರಕ್ಕೂ ಹೋಗುವುದಿಲ್ಲ. ಬಿಸಿ ಇಸ್ತ್ರಿಯಿಂದ ಮಾತ್ರ ಅದನ್ನು ಕಾಪಾಡಬೇಕು. ಶಾಖ ತಾಗಿದರೆ ನಾರಿನ ಪುಟಿತವೇ ಸತ್ತು ಬಟ್ಟೆ ಜೋತುಬೀಳುತ್ತದೆ, ಮತ್ತೆ ಸರಿಯಾಗುವುದಿಲ್ಲ.

ಉಣ್ಣೆಯ ನಿಜವಾದ ಕಷ್ಟ ಚಳಿಗಾಲ ಮುಗಿದ ಮೇಲೆ ಆರಂಭವಾಗುತ್ತದೆ. ಬಿಸಿನೀರು, ಸಾಬೂನು, ತಿಕ್ಕಾಟ ಈ ಮೂರೂ ಒಟ್ಟಾದರೆ ನಾರಿನ ಮೈಮೇಲಿನ ಪದರಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ. ಪರೀಕ್ಷೆಗೆಂದು ಮಷೀನಿನ ಬಿಸಿನೀರಿಗೆ ಹಾಕಿದ ತುಂಡು ಹೊರಬಂದಾಗ ಕುಣಿಕೆಗಳನ್ನು ಎಣಿಸಲಿಕ್ಕೂ ಆಗದಂತೆ ಬೆಸೆದುಹೋಗಿತ್ತು. ತಣ್ಣೀರಿನಲ್ಲಿ ಅದ್ದಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹರವಿ ಒಣಗಿಸಿದ ತುಂಡಿಗೆ ಏನೂ ಆಗಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಯಲ್ಲಿ ಬೂಷ್ಟು ಹತ್ತದ ವಸ್ತುವಿಲ್ಲ. ಉಣ್ಣೆಗೆ ಅದರ ಜೊತೆಗೆ ನುಸಿಯ ಕಾಟವೂ ಇದೆ. ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳು. ಬೆವರು, ಎಣ್ಣೆ ಹತ್ತಿದ ಜಾಗವೇ ಅದಕ್ಕೆ ಹೆಚ್ಚು ಇಷ್ಟ, ಆದ್ದರಿಂದ ತೊಳೆಯದೆ ಮಡಿಸಿಡಬಾರದು. ನಾನು ಏಪ್ರಿಲ್ ಬಿಸಿಲಿರುವಾಗಲೇ ತೊಳೆದು, ಚೆನ್ನಾಗಿ ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಒಂದು ವಾರ ಫ್ರೀಜರಿನಲ್ಲಿಟ್ಟು, ಆಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಸೇರಿಸುತ್ತೇನೆ. ಮೊಟ್ಟೆ, ಮರಿ ಎರಡೂ ಆ ಚಳಿಗೆ ಸಾಯುತ್ತವೆ. ಇಷ್ಟು ಆರೈಕೆ ಮಾಡುವ ಮನೆಗೆ ಮಾತ್ರ ಉಣ್ಣೆಯನ್ನು ಕೊಡುವುದು ಒಳ್ಳೆಯದು.

ಹತ್ತಿಯನ್ನು ಇಲ್ಲಿಯವರೆಗೆ ಹಿಂದೆ ಹಾಕಿದಂತೆ ಕಂಡಿರಬಹುದು, ಆದರೆ ಘಟ್ಟದ ಕೆಳಗೆ ಅದಕ್ಕೆ ಸಾಟಿಯಿಲ್ಲ. ಕಾರವಾರದ ನೆರೆಮನೆಯವರು ಕ್ರಿಸ್‌ಮಸ್ ಹಿಂದಿನ ರಾತ್ರಿ ಕೂಸನ್ನೆತ್ತಿಕೊಂಡು ಪೂಜೆಗೆ ಹೋಗುತ್ತಾರೆ. ಚರ್ಚಿನ ಒಳಗೆ ಜನರ ಕಾವು, ಹೊರಗೆ ಗೋದಲಿಯ ಮುಂದೆ ನಿಂತರೆ ಸಮುದ್ರದ ಕಡೆಯ ತಂಗಾಳಿ. ಆ ಕೂಸಿಗೆ ಹತ್ತಿಯ ಕುಲಾಯಿಯನ್ನೇ ಹೆಣೆದುಕೊಟ್ಟೆ. ತಲೆ ಬೆವರಲಿಲ್ಲ, ಹಣೆಯಲ್ಲಿ ಕೆಂಪು ಗೆರೆ ಮೂಡಲಿಲ್ಲ, ಹಾಲು ಕಕ್ಕಿದ ಮೇಲೆ ಬಿಸಿನೀರಿನಲ್ಲಿ ಸಾಬೂನು ಹಾಕಿ ತಿಕ್ಕಿದರೂ ಏನೂ ಕೆಡಲಿಲ್ಲ. ಅಂಚು ಮಾತ್ರ ಬೇಗ ಸಡಿಲವಾಗುತ್ತದೆ. ಅದಕ್ಕಾಗಿ ಅಂಚಿನ ಸಾಲುಗಳನ್ನು ಹತ್ತನೇ ನಂಬರಿನ, ಅಂದರೆ 3.25 ಮಿಲಿಮೀಟರಿನ ಕಡ್ಡಿಯಲ್ಲಿ ಬಿಗಿಯಾಗಿ ಹೆಣೆದು, ಕಟ್ಟಲು ಒಂದು ದಾರವನ್ನೂ ಇಟ್ಟರೆ ಸಾಕು. ಕೂಸಿನ ಮನೆಯಿಂದ ನೆವರಿ, ದೋದೋಲ್ ಮುಂತಾದ ಕ್ರಿಸ್‌ಮಸ್ ಸಿಹಿತಿಂಡಿ ತುಂಬಿದ ತಟ್ಟೆ ಬಂದಾಗ ಕುಲಾಯಿ ಇನ್ನೂ ತಲೆಯ ಮೇಲೆಯೇ ಇತ್ತೆಂದು ಕೇಳಿ ಬಹಳ ಸಂತೋಷವಾಯಿತು.

ಕಡ್ಡಿಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕರಾವಳಿಯ ತೇವದಲ್ಲಿ ಬಿದಿರಿನ ಕಡ್ಡಿ ದಾರವನ್ನು ಹಿಡಿದು ನಿಲ್ಲಿಸುತ್ತದೆ, ಅಲ್ಯೂಮಿನಿಯಂ ಕಡ್ಡಿಯ ಮೇಲೆ ಸಲೀಸಾಗಿ ಜಾರುತ್ತದೆ. ಆದ್ದರಿಂದ ಅಕ್ರಿಲಿಕ್, ಹತ್ತಿಗಳಿಗೆ ಲೋಹ, ಉಣ್ಣೆಗೆ ಬಿದಿರು ನನಗೆ ಹೊಂದಿತು. ಘಟ್ಟದ ತಿರುವುಗಳಲ್ಲಿ ಬಸ್ಸಿನೊಳಗೆ ಹೆಣೆಯುವವರು ಪಕ್ಕದವರಿಗೆ ತಾಗದ ವೃತ್ತಾಕಾರದ ಕಡ್ಡಿಯನ್ನೇ ಇಟ್ಟುಕೊಳ್ಳಬೇಕು.

ಈ ಸಲದ ರಜೆಗೆ ನನ್ನ ಹಂಚಿಕೆ ಹೀಗಿದೆ. ತವರಿನ ಹಿರಿಯರಿಗೆ ಮೆರಿನೊ ಟೋಪಿ ಮತ್ತು ತೋಳಿಲ್ಲದ ಸ್ವೆಟರ್. ಒಲೆಯ ಬಳಿ ಆಡುವ ಮಕ್ಕಳಿಗೂ ಉಣ್ಣೆಯೇ, ಖರ್ಚು ಹೆಚ್ಚಾದರೂ ಚಿಂತೆಯಿಲ್ಲ. ಕಾರವಾರದ ಕೂಸುಗಳಿಗೆ ಹತ್ತಿ. ಬೆಂಗಳೂರಿನ ಹಾಸ್ಟೆಲಿನಲ್ಲಿ ಮಷೀನಿನಲ್ಲೇ ಎಲ್ಲವನ್ನೂ ತೊಳೆಯುವ, ಒಲೆಯ ಮುಖವನ್ನೇ ಕಾಣದ ಸೊಸೆಯ ತಮ್ಮನಿಗೆ ಅಕ್ರಿಲಿಕ್ ಮಫ್ಲರು. ಕಾಲುಚೀಲದ ಪ್ರಶ್ನೆಗೆ ಮಾತ್ರ ಈ ಮೂರರಲ್ಲಿ ಯಾವುದೂ ಉತ್ತರವಾಗಲಿಲ್ಲ. ಬರೀ ಮೆರಿನೊ ಹಿಮ್ಮಡಿಯಲ್ಲಿ ಬೇಗ ಸವೆಯಿತು, ಹತ್ತಿ ಜಾರಿ ಪಾದದ ಮೇಲೆ ಮುದ್ದೆಯಾಯಿತು, ಅಕ್ರಿಲಿಕ್‌ನಲ್ಲಿ ಕಾಲು ಬೆವರಿತು. ಕಾಲುಚೀಲಕ್ಕೆಂದೇ ಬರುವ, 75 ಭಾಗ ಉಣ್ಣೆಗೆ 25 ಭಾಗ ನೈಲಾನ್ ಬೆರೆತ ತೆಳುದಾರವನ್ನು ಈಗ ತರಿಸಿದ್ದೇನೆ. ಎರಡೂವರೆ ಮಿಲಿಮೀಟರಿನ ಕಡ್ಡಿಯಲ್ಲಿ ಅಮ್ಮನಿಗೊಂದು ಜೊತೆಯ ಹಿಮ್ಮಡಿಯವರೆಗೆ ಬಂದಿದೆ. ಕೊನೆ ಕೊಯ್ಲು ಮುಗಿಯುವವರೆಗೆ ಅವರು ಅದನ್ನು ಹಾಕಿಕೊಂಡು ಸಿಮೆಂಟಿನ ಅಂಗಳದಲ್ಲಿ ಓಡಾಡಿದರೆ ಅದರ ಬಾಳಿಕೆಯೂ ತಿಳಿಯುತ್ತದೆ.